ಸಾಲ ಬೇಡದವರ ಸಾಲದ ಅರ್ಜಿ

ಮಾರುವೇಷ ತೊಟ್ಟು ರಾತ್ರಿ ಹೊತ್ತು ಊರು ಸುತ್ತಿ, ಪ್ರಜೆಗಳ ಸುಖದುಃಖವನ್ನು ಕಣ್ಣಾರೆ ಕಾಣುತ್ತಿದ್ದ ರಾಜರ ಕಥೆ ಕೇಳದೆ ಬೆಳೆದ ಮಕ್ಕಳು ನಮ್ಮಲ್ಲಿ ಕಡಿಮೆ. ಈಗ ಆ ಕೆಲಸವನ್ನು ಕಂಪೆನಿಗಳು ಕೂಲಿ ಕೊಟ್ಟು ಮಾಡಿಸುತ್ತವೆ. ಮಾರುವೇಷ ತೊಡುವವರಲ್ಲಿ ಗೃಹಿಣಿಯರಿದ್ದಾರೆ, ನಿವೃತ್ತರಿದ್ದಾರೆ, ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ. ಬಟ್ಟೆ ಅಂಗಡಿಗೋ ಹೋಟೆಲಿಗೋ ಪೆಟ್ರೋಲ್ ಬಂಕಿಗೋ ಮಾಮೂಲಿ ಗಿರಾಕಿಯಂತೆ ಹೋಗಬೇಕು. ಅಲ್ಲಿನವರು ಹೇಗೆ ಮಾತನಾಡಿಸಿದರು, ಬಿಲ್ ಕೊಟ್ಟರೋ ಇಲ್ಲವೋ ಎಂದು ಗಮನಿಸಿ ವರದಿ ಬರೆಯಬೇಕು. ಮಿಸ್ಟರಿ ಶಾಪಿಂಗ್ ಎಂದು ಇದರ ಹೆಸರು. ಗುಪ್ತ ಗ್ರಾಹಕನ ಕೆಲಸ ಎನ್ನೋಣ.

ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ವರದಿ ಬರೆದರೆ ಕಳೆದುಕೊಳ್ಳುವುದು ಏನೂ ಇಲ್ಲ. ಚಟ್ನಿ ಹಳಸಿದ್ದರೆ ಒಂದು ದಿನದ ಹೊಟ್ಟೆನೋವು ಅಷ್ಟೆ. ಆದರೆ ಇಂಥ ಕೆಲಸಗಳ ಪಟ್ಟಿಯಲ್ಲಿ ಬ್ಯಾಂಕುಗಳೂ ಸಾಲ ಕೊಡುವ ಕಂಪೆನಿಗಳೂ ಇರುತ್ತವೆ. 'ಸಾಲಕ್ಕೆ ಅರ್ಜಿ ಹಾಕಿ, ನಿಮ್ಮ ಅನುಭವ ಬರೆದು ಕಳಿಸಿ' ಎನ್ನುವಂಥವು. ಹಾಸ್ಟೆಲಿನಲ್ಲಿ ಕೈಖರ್ಚಿಗೆ ಪರದಾಡುವ ಹುಡುಗನಿಗೆ ಇದು ಕೂತಲ್ಲೇ ಸಿಗುವ ಹಣದಂತೆ ಕಾಣುತ್ತದೆ. ಊರಿನಲ್ಲಿರುವ ಅಪ್ಪನನ್ನು ಫೋನಿನಲ್ಲಿ ಕೇಳಿದರೆ, 'ಸಾಲ ಬೇಡದೆ ಅರ್ಜಿ ಯಾಕೋ ಹಾಕ್ತೀಯ?' ಎಂಬ ಪ್ರಶ್ನೆ ಬರುತ್ತದೆ. ಹಳೆಯ ಕಾಲದವರ ಅನುಮಾನ ಎಂದು ಮಗ ನಗಬಹುದು. ಆದರೆ ಆ ಪ್ರಶ್ನೆಯಲ್ಲಿ ತಿರುಳಿದೆ.

ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಸಾಲದ ಬಗ್ಗೆ ವಿಚಾರಿಸಿ ಬರುವುದು ಒಂದು ಕೆಲಸ, ಸಾಲಕ್ಕೆ ಅರ್ಜಿ ಹಾಕಿ ಬರುವುದು ಇನ್ನೊಂದು. ಸಂಸ್ಥೆಗಳ ಪ್ರಕಟಣೆಯಲ್ಲಿ ಇವೆರಡೂ ಅಕ್ಕಪಕ್ಕ ಕೂತಿರಬಹುದು. ನಿಮ್ಮ ಪಾಲಿಗೆ ಮಾತ್ರ ಇವುಗಳ ನಡುವಿನ ಅಂತರ ಅಜಗಜಾಂತರ.

ಕೇಳಿ ಬರುವ ಕೆಲಸ

ವಿಚಾರಣೆಯ ಕೆಲಸ ಹೀಗಿರುತ್ತದೆ. ಸಂಸ್ಥೆ ಒಂದು ಸನ್ನಿವೇಶ ಕೊಡುತ್ತದೆ: ನೀವು ದ್ವಿಚಕ್ರ ವಾಹನ ಕೊಳ್ಳಬೇಕೆಂದಿದ್ದೀರಿ, ಅಥವಾ ತಂಗಿಯ ಓದಿಗೆ ಸಾಲ ಬೇಕಾಗಿದೆ. ಗೊತ್ತು ಮಾಡಿದ ಶಾಖೆಗೆ, ಗೊತ್ತು ಮಾಡಿದ ವೇಳೆಗೆ ಹೋಗಬೇಕು. ಎಷ್ಟು ನಿಮಿಷ ಕಾದಿರಿ, ಕುಳಿತುಕೊಳ್ಳಲು ಹೇಳಿದರೇ, ಬಡ್ಡಿ ದರವನ್ನು ತಾವಾಗಿ ತಿಳಿಸಿದರೇ, ಪ್ರೊಸೆಸಿಂಗ್ ಶುಲ್ಕದ ಮಾತು ಬಂತೇ, ಸಾಲದ ಜತೆ ವಿಮೆಯನ್ನೂ ತಗುಲಿಸಲು ನೋಡಿದರೇ ಎಂಬುದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಹೊರಬಂದು, ಮರೆಯುವ ಮೊದಲೇ ಬರೆಯಬೇಕು. ಎದುರಿಗೇ ಟಿಪ್ಪಣಿ ಮಾಡಿಕೊಂಡರೆ ಗುಟ್ಟು ರಟ್ಟಾಗುತ್ತದೆ. ಶಾಖೆಗೆ ಹೋದದ್ದಕ್ಕೆ ಸಾಕ್ಷಿಯಾಗಿ ಟೋಕನ್ ಚೀಟಿಯೋ ಅಧಿಕಾರಿಯ ವಿಸಿಟಿಂಗ್ ಕಾರ್ಡೋ ಬೇಕು. ವರದಿಯಲ್ಲಿ ಒಂದು ಉತ್ತರ ಬಿಟ್ಟುಹೋದರೂ ಅದು ವಾಪಸು ಬರುತ್ತದೆ. ಹಣವಂತೂ ಕೂಡಲೇ ಬರುವುದಿಲ್ಲ. ವರದಿ ಒಪ್ಪಿಗೆಯಾಗಿ, ಕ್ಲೈಂಟಿನ ಕಡೆಯಿಂದ ದುಡ್ಡು ಬಂದ ಮೇಲೆ.

ಒಂದು ಲೆಕ್ಕ ಹಾಕಿ ನೋಡೋಣ. ಕೆಲಸಕ್ಕೆ 400 ರೂಪಾಯಿ ಎಂದಿಟ್ಟುಕೊಳ್ಳಿ. ಕೆಂಗೇರಿಯಿಂದ ಎಂ.ಜಿ. ರಸ್ತೆಗೆ ಹೋಗಿ ಬರಲು, ನಡುವೆ ಒಂದು ಕಾಫಿ ಸೇರಿಸಿ, 100 ರೂಪಾಯಿ ಖರ್ಚು. ಪ್ರಯಾಣಕ್ಕೆ ಎರಡು ಗಂಟೆ, ಶಾಖೆಯಲ್ಲಿ ಒಂದೂವರೆ ಗಂಟೆ, ವರದಿ ಬರೆಯಲು ಇನ್ನೊಂದೂವರೆ ಗಂಟೆ. ಐದು ಗಂಟೆಗೆ ಕೈಯಲ್ಲಿ ಉಳಿಯುವುದು 300 ರೂಪಾಯಿ, ಅಂದರೆ ಗಂಟೆಗೆ 60. ಪಕ್ಕದ ಬೀದಿಯ ಎರಡು ಮಕ್ಕಳಿಗೆ ಗಣಿತ ಹೇಳಿಕೊಟ್ಟರೆ ಇದಕ್ಕಿಂತ ಹೆಚ್ಚು ಸಿಕ್ಕೀತು, ಬಸ್ಸು ಹತ್ತುವ ತಾಪತ್ರಯವೂ ಇಲ್ಲ. ಸಂಪಾದನೆಯ ದೃಷ್ಟಿಯಿಂದ ಇದು ಬೆಟ್ಟ ಅಗೆದು ಇಲಿ ಹಿಡಿದ ಹಾಗೆಯೇ.

ಆದರೂ ಇದನ್ನು ಕೆಲಸಕ್ಕೆ ಬಾರದ್ದು ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಗುಪ್ತ ಗ್ರಾಹಕರಿಂದ ಸಮಾಜಕ್ಕೆ ತಿಳಿದುಬಂದ ಸಂಗತಿಗಳು ಸಣ್ಣವಲ್ಲ. ಮೋನಿಕಾ ಹಾಲನ್ ಮತ್ತು ರೇಣುಕಾ ಸಾನೆ ದೆಹಲಿಯ ಬ್ಯಾಂಕ್ ಶಾಖೆಗಳಿಗೆ ಇಂಥವರನ್ನು ಕಳಿಸಿ ನಡೆಸಿದ ಅಧ್ಯಯನ 2016ರಲ್ಲಿ ಹೊರಬಂತು. ತೆರಿಗೆ ಉಳಿಸಲು ಹಣ ಎಲ್ಲಿ ತೊಡಗಿಸಲಿ ಎಂದು ಕೇಳಿದವರಿಗೆ ಸಿಕ್ಕ ಸಲಹೆ ಗಿರಾಕಿಯ ಹಿತಕ್ಕಿಂತ ಬ್ಯಾಂಕಿನ ಲಾಭದ ಕಡೆಗೇ ವಾಲಿತ್ತು. ನಮ್ಮ ದೇಶದ ಜೀವವಿಮಾ ಏಜೆಂಟರನ್ನು ಇದೇ ವಿಧಾನದಿಂದ ಪರೀಕ್ಷಿಸಿದ ಇನ್ನೊಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕಮಿಷನ್ ಹೆಚ್ಚಿದ್ದ ಪಾಲಿಸಿಯನ್ನೇ ಅವರು ಮುಂದೊಡ್ಡುತ್ತಿದ್ದರು ಎಂಬುದು ಅದರಿಂದ ಬಯಲಾಯಿತು. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಸಂಶೋಧನೆ ಸಾಲಕ್ಕೇ ಸಂಬಂಧಿಸಿದ್ದು. ಒಂದೇ ತೆರನಾದ ವ್ಯವಹಾರದ ಹಿನ್ನೆಲೆ ಹೇಳಿಕೊಂಡು ಬಿಳಿಯರೂ ಅಲ್ಪಸಂಖ್ಯಾತ ಸಮುದಾಯದವರೂ ಸಣ್ಣ ಉದ್ಯಮದ ಸಾಲ ವಿಚಾರಿಸಲು ಹೋದಾಗ, ಎರಡನೆಯವರಿಗೆ ಕೊಟ್ಟ ಮಾಹಿತಿ ಕಡಿಮೆ, ಅವರಿಂದ ಕೇಳಿದ ದಾಖಲೆ ಹೆಚ್ಚು. ಗಮನಿಸಬೇಕಾದದ್ದೆಂದರೆ, ಇಷ್ಟನ್ನೆಲ್ಲ ತಿಳಿಯಲು ಆ ಸಂಶೋಧಕರಿಗೆ ಗುಪ್ತ ಗ್ರಾಹಕರ ಸಹಿ ಬೇಕಾಗಲಿಲ್ಲ. ಕೇಳಿ ಬಂದರೇ ಸಾಕಾಗಿತ್ತು.

ವಿದ್ಯಾರ್ಥಿಗೆ ಇನ್ನೊಂದು ಲಾಭವುಂಟು. ಬರುವ ವರ್ಷ ನಿಮಗೇ ಶಿಕ್ಷಣ ಸಾಲ ಬೇಕಾಗಬಹುದು. ಶಿಕ್ಷಣ ಸಾಲ ವಿಚಾರಿಸುವ ಕೆಲಸ ಸಿಕ್ಕರೆ, ಹಣಕ್ಕಿಂತ ಪಾಠವೇ ಹೆಚ್ಚು ಬೆಲೆಯದು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ನಿಮ್ಮ ಕೈಯಿಂದ ಹಾಕಬೇಕಾದ ಪಾಲು ಇಲ್ಲ. 2015ರಲ್ಲಿ ಬಂದ ಖಾತರಿ ನಿಧಿಯ ವ್ಯವಸ್ಥೆಯಲ್ಲಿ 7.5 ಲಕ್ಷದವರೆಗೆ ಮನೆ ಜಮೀನು ಅಡವಿಡದೆ ಸಾಲ ಕೊಡಬಹುದು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಓದುವವರ ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ 3ರಷ್ಟು ಸಹಾಯಧನಕ್ಕೆ ಅವಕಾಶವಿದೆ. ಇವನ್ನು ಎದುರಿಗೆ ಕುಳಿತ ಅಧಿಕಾರಿ ತಾನಾಗಿ ಹೇಳುತ್ತಾರೋ, ಕೇಳಿದ ಮೇಲೆ ಹೇಳುತ್ತಾರೋ, ಅಥವಾ 'ಅಡಮಾನ ಇಲ್ಲದೆ ಆಗಲ್ಲ, ಹೋಗಿ' ಎನ್ನುತ್ತಾರೋ ನೋಡಿ ಬಂದ ಹುಡುಗಿ, ತನ್ನ ಸರದಿ ಬಂದಾಗ ಕೈಕಟ್ಟಿ ನಿಲ್ಲುವುದಿಲ್ಲ. ಅಪ್ಪ ಅಮ್ಮನನ್ನೂ ಜತೆಗೆ ಕರೆದೊಯ್ಯಲು ಸಂಸ್ಥೆ ಒಪ್ಪಿದರೆ ಇನ್ನೂ ಒಳ್ಳೆಯದು.

ಸಹಿ ಹಾಕುವ ಕೆಲಸ

ಈಗ ಗೆರೆಯ ಆಚೆ ಬರೋಣ. ಅರ್ಜಿ ಎಂದರೆ ಪ್ಯಾನ್, ಆಧಾರ್, ವಿಳಾಸ, ಖಾತೆಯ ವಿವರ, ಕೊನೆಗೆ ಸಹಿ ಅಥವಾ ಮೊಬೈಲಿಗೆ ಬಂದ ಒಟಿಪಿ. ಅರ್ಜಿ ಬಂದ ಕೂಡಲೇ ಸಾಲ ಕೊಡುವವರು ನಿಮ್ಮ ಸಾಲದ ಚರಿತ್ರೆಯನ್ನು ತರಿಸಿ ನೋಡುತ್ತಾರೆ. ಸಿಬಿಲ್ ಎಂದು ನಾವೆಲ್ಲ ಬಾಯಿಮಾತಿನಲ್ಲಿ ಕರೆಯುವುದು ಇದನ್ನೇ. ಹಾಗೆ ನೋಡಿದರೆ ಸಿಬಿಲ್ ಒಂದು ಕಂಪೆನಿಯ ಹೆಸರು, ಅದು ಆರಂಭವಾದದ್ದು 2000ದಲ್ಲಿ; ಇಂಥ ಕಂಪೆನಿಗಳು ದೇಶದಲ್ಲಿ ನಾಲ್ಕಿವೆ. ಅಂಕ 300ರಿಂದ 900ರವರೆಗೆ. ನಿಮ್ಮ ಅಂಕವನ್ನು ನೀವೇ ನೋಡಿಕೊಂಡರೆ ಏನೂ ಆಗುವುದಿಲ್ಲ. ಆದರೆ ನಿಮ್ಮ ಅರ್ಜಿಯ ಮೇಲೆ ಬ್ಯಾಂಕು ನೋಡಿದರೆ, ಇಂಥ ದಿನ ಇಂಥ ಸಂಸ್ಥೆ ಇಂಥ ಸಾಲಕ್ಕಾಗಿ ವಿಚಾರಿಸಿತು ಎಂಬ ಸಾಲು ಅಲ್ಲಿ ಕೂರುತ್ತದೆ. ಅದು ಗುಪ್ತ ಗ್ರಾಹಕನ ಅರ್ಜಿ ಎಂದು ಬರೆಯಲು ಅಲ್ಲಿ ಜಾಗವಿಲ್ಲ.

ಒಂದು ಸಾಲಿನಿಂದ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಈ ಕೆಲಸದ ಗುಣವೇ ಒಂದಕ್ಕೆ ನಿಲ್ಲದಿರುವುದು. ಒಂದು ವರದಿ ಚೆನ್ನಾಗಿ ಬರೆದವರಿಗೆ ಇನ್ನೊಂದು ಬರುತ್ತದೆ. ಮೂರು ತಿಂಗಳಲ್ಲಿ ನಾಲ್ಕೈದು ಅರ್ಜಿ ಹಾಕಿ, ಒಂದು ಸಾಲವನ್ನೂ ಪಡೆಯದ ಇಪ್ಪತ್ತರ ಹರೆಯದ ಹುಡುಗ, ಕಾಗದದ ಮೇಲೆ, ಎಲ್ಲರ ಬಾಗಿಲು ತಟ್ಟಿ ಎಲ್ಲರಿಂದಲೂ ತಿರಸ್ಕೃತನಾದವನಂತೆ ಕಾಣುತ್ತಾನೆ. ಆವರೆಗೆ ಸಾಲವನ್ನೇ ಮಾಡದವನ ಚರಿತ್ರೆಯಲ್ಲಿ ಮೊದಲು ಬೀಳುವ ಅಕ್ಷರಗಳು ಇವೇ. ಜೂನಿನಲ್ಲಿ ಎಂ.ಬಿ.ಎ.ಗೋ ಎಂ.ಟೆಕ್.ಗೋ ನಿಜವಾದ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಓದುವುದು ಈ ಪುಟವನ್ನೇ.

ತಂದೆತಾಯಿಗಳು ಇಲ್ಲಿ ಕಿವಿಗೊಡಬೇಕು. ವಿದ್ಯಾರ್ಥಿಗೆ ಸಂಬಳವಿಲ್ಲವಾದ್ದರಿಂದ ಅರ್ಜಿಯ ಕೆಲಸ ಎಷ್ಟೋ ವೇಳೆ ತಿರುಗಿ ನಿಮ್ಮ ಬಳಿಗೇ ಬರುತ್ತದೆ: 'ಅಪ್ಪಾ, ನಿಮ್ಮ ಹೆಸರಲ್ಲಿ ಒಂದು ಅರ್ಜಿ ಹಾಕೋಣ, ಸಾಲ ತಗೊಳ್ಳೋದು ಬೇಡ'. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ತಂದೆಯೋ ತಾಯಿಯೋ ಸಹಸಾಲಗಾರರು. ಮಗಳ ಸಾಲದ ದಿನ ನೋಡುವುದು ನಿಮ್ಮ ಚರಿತ್ರೆಯನ್ನೂ ಸೇರಿಸಿ. ನಾಲ್ಕುನೂರು ಐನೂರು ರೂಪಾಯಿಗೆ ಆ ಪುಟದಲ್ಲಿ ಗೀಚಲು ಬಿಡಬೇಡಿ.

ಸುಳ್ಳಿನ ಪ್ರಶ್ನೆಯೂ ಇದೆ. ವಿಚಾರಿಸುವಾಗ 'ಬೈಕ್ ಕೊಳ್ಳಬೇಕು' ಎಂದದ್ದು ಬರಿಯ ಮಾತು. ಅರ್ಜಿಯಲ್ಲಿ 'ಮೇಲಿನ ವಿವರಗಳೆಲ್ಲ ಸತ್ಯ' ಎಂಬ ಸಾಲಿನ ಕೆಳಗೆ ಸಹಿ ಇರುತ್ತದೆ. ಸಂಸ್ಥೆ ಕೊಟ್ಟ ಸನ್ನಿವೇಶದಲ್ಲಿ 'ತಿಂಗಳಿಗೆ 45,000 ರೂಪಾಯಿ ಸಂಬಳ ಎಂದು ಬರೆಯಿರಿ' ಎಂದಿದ್ದರೆ ಅಲ್ಲಿಗೇ ಕೈಬಿಡಿ. ಸುಳ್ಳು ಸಂಬಳ ಚೀಟಿ ಕೊಟ್ಟವನು ಕಾನೂನಿನ ಕಣ್ಣಿಗೆ ಗುಪ್ತ ಗ್ರಾಹಕನಾಗಿ ಕಾಣುವುದಿಲ್ಲ. ಬ್ಯಾಂಕೇ ಈ ಪರೀಕ್ಷೆ ಮಾಡಿಸುತ್ತಿದೆಯೇ ಅಥವಾ ಅದರ ಪ್ರತಿಸ್ಪರ್ಧಿಯೇ ಎಂದು ಸಂಸ್ಥೆಯನ್ನು ನೇರ ಕೇಳಿ. ಬ್ಯಾಂಕಿನದೇ ಆದರೆ ಅಧಿಕೃತ ಪತ್ರ ಕೊಡಲು ಹೇಳಿ. ತಡವರಿಸಿದರೆ ಉತ್ತರ ಸಿಕ್ಕಂತೆಯೇ.

ಫೋನಿನಲ್ಲೇ ಸಾಲ ಕೊಡುವ ಆ್ಯಪ್‌ಗಳಲ್ಲಿ ಇನ್ನೊಂದು ಪೇಚು. 'ಕೊನೆಯ ಹಂತದವರೆಗೆ ಹೋಗಿ, ಆಮೇಲೆ ರದ್ದು ಮಾಡಿ' ಎಂದು ಸೂಚನೆಯಿರುತ್ತದೆ. ರದ್ದು ಮಾಡುವ ಗುಂಡಿ ಹುಡುಕುವಷ್ಟರಲ್ಲಿ ಹಣ ಖಾತೆಗೆ ಬಂದು ಬಿದ್ದಿರಬಹುದು. ರಿಸರ್ವ್ ಬ್ಯಾಂಕಿನ 2025ರ ನಿಯಮಗಳಂತೆ ಡಿಜಿಟಲ್ ಸಾಲದಿಂದ ದಂಡವಿಲ್ಲದೆ ಹಿಂದೆ ಸರಿಯಲು ಕನಿಷ್ಠ 1 ದಿನದ ಅವಕಾಶ ಕೊಡಬೇಕು. ಅಸಲು, ಅಷ್ಟು ದಿನದ ವೆಚ್ಚ ತೆರಬೇಕು. ಪ್ರೊಸೆಸಿಂಗ್ ಶುಲ್ಕವನ್ನು ಅವರು ಇಟ್ಟುಕೊಳ್ಳಬಹುದು. ನಿಮಗೆ ಬರಬೇಕಾದ ಸಂಭಾವನೆಯನ್ನು ಅದೊಂದೇ ನುಂಗಿ ನೀರು ಕುಡಿದೀತು.

ಕೌಂಟರಿನ ಆಚೆ

ಎದುರಿಗೆ ಕುಳಿತವರ ಮಾತನ್ನೂ ಆಡಬೇಕು. ತಿಪಟೂರಿನಂಥ ಊರಿನ ಶಾಖೆ ಎಂದುಕೊಳ್ಳಿ. ಸಾಲದ ಮೇಜಿಗೆ ಒಬ್ಬರೇ ಅಧಿಕಾರಿ. ಬಂಗಾರ ಅಡವಿಟ್ಟು ಸಾಲ ಪಡೆಯಲು ಬೆಳಿಗ್ಗೆಯೇ ಬಂದ ರೈತ ಬೆಂಚಿನ ಮೇಲೆ ಕಾಯುತ್ತಿದ್ದಾನೆ, ಸಂಜೆಯ ಬಸ್ಸು ಹಿಡಿಯಬೇಕು. ಆ ಹೊತ್ತಿನಲ್ಲಿ ಸಾಲವೇ ಬೇಡದ ಒಬ್ಬ, ಮುಕ್ಕಾಲು ಗಂಟೆ ಪ್ರಶ್ನೆ ಕೇಳಿ, ಅರ್ಜಿಯನ್ನೂ ಕೊಟ್ಟು ಹೋದರೆ, ಅದರ ಪರಿಶೀಲನೆಗೆ ಇನ್ನೊಂದಿಷ್ಟು ದುಡಿಮೆ ವ್ಯರ್ಥ. ವಿಚಾರಿಸಿ ಹತ್ತು ನಿಮಿಷದಲ್ಲಿ ಎದ್ದು ಬಂದವನಿಂದ ಇಷ್ಟು ನಷ್ಟವಿಲ್ಲ. ಮಾರ್ಚ್ ಕೊನೆಯಲ್ಲಂತೂ ಇಂಥ ಕೆಲಸ ಒಪ್ಪಿಕೊಳ್ಳದಿರುವುದು ಮನುಷ್ಯತ್ವ.

ಹೋದವರು ಒಂದನ್ನು ಮಾತ್ರ ಮರೆಯದೆ ವರದಿಯಲ್ಲಿ ಬರೆಯಿರಿ: ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಬಂತೇ? ಬಡ್ಡಿ, ಶುಲ್ಕ, ಒಟ್ಟು ವಾರ್ಷಿಕ ವೆಚ್ಚ ಎಲ್ಲವನ್ನೂ ತೋರಿಸುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರಲ್ಲಿ ವಿಧಿಸಿದೆ. 'ಕರಾರಿಗೆ ಮೊದಲು ಆ ಪತ್ರ ಕನ್ನಡದಲ್ಲಿ ಸಿಗುತ್ತದೆಯೇ?' ಎಂದು ಕೇಳುವುದಕ್ಕೆ ಅರ್ಜಿ ಬೇಕಿಲ್ಲ.

ಇನ್ನು ಮೋಸಗಾರರು. ನೋಂದಣಿಗೆ ಹಣ, ತರಬೇತಿಗೆ ಹಣ ಎಂದು ಕೇಳುವ ಸಂಸ್ಥೆಯ ಬಾಗಿಲಿನಿಂದಲೇ ಹಿಂತಿರುಗಿ. ಅದಕ್ಕಿಂತ ಭಯಂಕರವಾದದ್ದು, 'ಸಾಲ ಬಂದ ಮೇಲೆ ಪರೀಕ್ಷೆಯ ಭಾಗವಾಗಿ ಹಣವನ್ನು ನಮ್ಮ ಖಾತೆಗೆ ವರ್ಗಾಯಿಸಿ, ನಾವೇ ಮುಚ್ಚುತ್ತೇವೆ' ಎನ್ನುವ ಸೂಚನೆ. ಹಣ ಅವರದಾಗುತ್ತದೆ, ಕಂತು ನಿಮ್ಮದಾಗುತ್ತದೆ. ಹೀಗಾದರೆ ನಾಚಿಕೆಪಟ್ಟು ಕೂರದೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಈಗಾಗಲೇ ಒಂದೆರಡು ಅರ್ಜಿ ಹಾಕಿಬಿಟ್ಟವರು ಮಾಡಬೇಕಾದ ಕೆಲಸವೂ ಇದೆ. 2017ರಿಂದ ಈ ಪ್ರತಿಯೊಂದು ಕಂಪೆನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತರಿಸಿ ನೋಡಿ. ನೀವು ಬರಿಯ ಮಾತು ಕೇಳಿ ಬಂದ ಕಡೆಯೂ ನಿಮ್ಮ ಹೆಸರಿನಲ್ಲಿ ವಿಚಾರಣೆ ದಾಖಲಾಗಿದ್ದರೆ, ಅಥವಾ ಗುರುತೇ ಇಲ್ಲದ ಸಾಲವೊಂದು ಕಂಡರೆ, ಆ ಕಂಪೆನಿಗೂ ಸಾಲ ಕೊಟ್ಟ ಸಂಸ್ಥೆಗೂ ದೂರು ಕೊಡಿ. 30 ದಿನಗಳಲ್ಲಿ ದೂರು ಇತ್ಯರ್ಥವಾಗದಿದ್ದರೆ, ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು.