ಗ್ರೂಪ್ ಕೆಡಿಸುವವರು ಯಾರೋ ಇಬ್ಬರೇ?

ಅಪಾರ್ಟ್‌ಮೆಂಟಿನದೊಂದು, ಮಕ್ಕಳ ಶಾಲೆಯದೊಂದು, ಹೈಸ್ಕೂಲು ಗೆಳೆಯರದೊಂದು, ಊರಿನ ದೇವಸ್ಥಾನ ಸಮಿತಿಯದೊಂದು. ಹೀಗೆ ನಾಲ್ಕಾರು ವಾಟ್ಸ್‌ಆ್ಯಪ್ ಗ್ರೂಪ್‌ಗಳಿಲ್ಲದ ಫೋನು ಈಗ ಸಿಗುವುದೇ ಅಪರೂಪ. ನೀರು, ಪಾರ್ಕಿಂಗ್, ಫೀಸು, ಜಾತ್ರೆಯ ಲೆಕ್ಕ ಎಲ್ಲವೂ ಚರ್ಚೆಯಾಗುವುದು ಅಲ್ಲೇ. ಅಲ್ಲಿ ಮಾತು ಕೆಟ್ಟರೆ ಕೆಲಸ ಕೆಡುತ್ತದೆ, ಮರುದಿನ ಲಿಫ್ಟಿನಲ್ಲಿ ಮುಖ ನೋಡುವುದೂ ಕಷ್ಟವಾಗುತ್ತದೆ. ಆದರೆ ಮಾತು ಯಾಕೆ ಕೆಡುತ್ತದೆ ಎಂಬುದರ ಬಗ್ಗೆ ನಾವು ಗಟ್ಟಿಯಾಗಿ ನಂಬಿಕೊಂಡಿರುವ ಹಲವು ಸಂಗತಿಗಳು ಪರೀಕ್ಷೆಗೆ ಒಡ್ಡಿದಾಗ ನಿಲ್ಲುವುದಿಲ್ಲ.

ನಂಬಿಕೆ: ಜಗಳಗಂಟರು ಒಂದಿಬ್ಬರನ್ನು ತೆಗೆದುಹಾಕಿದರೆ ಎಲ್ಲ ಸರಿಹೋಗುತ್ತದೆ.

ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ನಂಬಿಕೆಯ ಬುಡವನ್ನೇ ಅಲ್ಲಾಡಿಸುತ್ತದೆ. 667 ಮಂದಿಗೆ ಮೊದಲು ಒಂದು ಪರೀಕ್ಷೆ ಕೊಟ್ಟರು. ಕೆಲವರಿಗೆ ಸುಲಭದ್ದು, ಕೆಲವರಿಗೆ ತಲೆಚಿಟ್ಟು ಹಿಡಿಸುವಂಥದ್ದು. ಆಮೇಲೆ ಒಂದು ಲೇಖನ ಓದಿಸಿ ಅಭಿಪ್ರಾಯ ಬರೆಯಲು ಹೇಳಿದರು. ಲೇಖನದ ಕೆಳಗೆ ಮೊದಲೇ ಇದ್ದ ಪ್ರತಿಕ್ರಿಯೆಗಳು ಕೆಲವರಿಗೆ ಸಭ್ಯವಾಗಿ ಕಂಡವು, ಕೆಲವರಿಗೆ ಕಟುವಾಗಿ. ಮನಸ್ಸು ಹಗುರವಾಗಿದ್ದು ಸಭ್ಯ ಮಾತುಗಳನ್ನು ಓದಿದವರಲ್ಲಿ ಶೇ. 35ರಷ್ಟು ಮಂದಿ ಚರ್ಚೆ ಕೆಡಿಸುವಂಥ ಮಾತು ಬರೆದರು. ಮನಸ್ಸು ಕೆಟ್ಟಿದ್ದು ಕಟು ಮಾತುಗಳನ್ನು ಓದಿದವರಲ್ಲಿ ಈ ಪ್ರಮಾಣ ಶೇ. 68. ಇವರು ಹುಟ್ಟಾ ಜಗಳಗಂಟರಲ್ಲ, ನಮ್ಮ ನಿಮ್ಮಂಥವರೇ. ಸುದ್ದಿತಾಣವೊಂದರ ಲಕ್ಷಾಂತರ ಪ್ರತಿಕ್ರಿಯೆಗಳನ್ನು ಜಾಲಾಡಿದಾಗಲೂ ಇದೇ ಕಂಡಿತು. ತಡರಾತ್ರಿಯಲ್ಲಿ, ವಾರದ ಆರಂಭದ ದಿನಗಳಲ್ಲಿ ಮಾತು ಹೆಚ್ಚು ಕೆಡುತ್ತಿತ್ತು.

ನಮ್ಮ ಗ್ರೂಪ್‌ಗಳಲ್ಲಿ ಇದು ನಡೆಯುವ ಬಗೆ ನೋಡಿ. ಬೆಳಿಗ್ಗೆ ಆರೂವರೆಗೆ ಒಬ್ಬರು "ನಲ್ಲೀಲಿ ನೀರಿಲ್ಲ" ಎಂದು ಹಾಕುತ್ತಾರೆ. ಅದರ ಬೆನ್ನಿಗೇ "ಮೋಟಾರ್ ಸುಟ್ಟಿದೆ, ಮೆಕ್ಯಾನಿಕ್ ಬರ್ತಿದ್ದಾರೆ, ಎಂಟಕ್ಕೆ ಟ್ಯಾಂಕರ್ ಹೇಳಿದ್ದೀವಿ" ಎಂದು ಬಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಅದರ ಬದಲು "ಮೇಂಟೆನೆನ್ಸ್ ದುಡ್ಡೆಲ್ಲಾ ಎಲ್ಲಿಗೆ ಹೋಗುತ್ತೋ" ಎಂಬ ಮಾತು ಬಂದರೆ, ಬ್ರಷ್ ಹಿಡಿದು ನಿಂತ ಸಾಧು ಸ್ವಭಾವದವರೂ ಅದೇ ದನಿಯಲ್ಲಿ ಬರೆಯಲು ತೊಡಗುತ್ತಾರೆ. ಗ್ರೂಪಿನಲ್ಲಿ ಸೌಜನ್ಯ ಬೇಕೆನ್ನುವವರು ಮೊದಲ ಎರಡು ಮೂರು ಉತ್ತರಗಳ ಮೇಲೆ ಕಣ್ಣಿಡಬೇಕು. ಒಬ್ಬರನ್ನು ಹೊರಹಾಕಿ ಆ ವಾತಾವರಣವನ್ನು ಹಾಗೇ ಉಳಿಸಿಕೊಂಡರೆ ಅವರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ.

ನಂಬಿಕೆ: ನಾನು ಯಾವ ಧಾಟಿಯಲ್ಲಿ ಹೇಳಿದೆ ಅಂತ ಓದಿದವರಿಗೆ ಗೊತ್ತಾಗುತ್ತದೆ.

ಗೊತ್ತಾಗುವುದಿಲ್ಲ. 2005ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಂದ ಕೆಲವು ವಾಕ್ಯಗಳನ್ನು ವ್ಯಂಗ್ಯವಾಗಿ, ಕೆಲವನ್ನು ಗಂಭೀರವಾಗಿ ಹೇಳಿಸಿದರು, ಒಮ್ಮೆ ಇಮೇಲಿನಲ್ಲಿ, ಒಮ್ಮೆ ದನಿಯಲ್ಲಿ. ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಸಲ ತಮ್ಮ ಧಾಟಿ ಅರ್ಥವಾಗುತ್ತದೆ ಎಂದು ಬರೆದವರು ಅಂದುಕೊಂಡಿದ್ದರು. ದನಿ ಕೇಳಿದವರು ಹೆಚ್ಚುಕಡಿಮೆ ಆ ಮಟ್ಟಕ್ಕೆ ಸರಿಯಾಗಿ ಹಿಡಿದರು. ಇಮೇಲ್ ಓದಿದವರು ಸರಿಯಾಗಿ ಊಹಿಸಿದ್ದು ಶೇ. 56ರಷ್ಟು ಮಾತ್ರ. ಕಣ್ಣುಮುಚ್ಚಿ ಊಹಿಸಿದರೂ ಶೇ. 50 ಸಿಗುತ್ತಿತ್ತು! "ತುಂಬಾ ಒಳ್ಳೇ ಕೆಲಸ ಮಾಡಿದ್ದೀರಿ ಸೆಕ್ರೆಟರಿ ಸಾಹೇಬ್ರೇ" ಎಂಬುದು ಮೆಚ್ಚುಗೆಯೋ ಚುಚ್ಚೋ ಎಂದು ಇಡೀ ಕಟ್ಟಡ ತಲೆಕೆಡಿಸಿಕೊಳ್ಳುವುದು ಇದೇ ಕಾರಣಕ್ಕೆ. ಹಣದ ವಿಷಯ, ಮಕ್ಕಳ ವಿಷಯ ಬಂದಾಗ ಫೋನ್ ಮಾಡಿ ಮಾತಾಡಿ; ಟೈಪ್ ಮಾಡಲೇಬೇಕಾದರೆ ಕೊಂಕು ಬೇಡ.

ನಂಬಿಕೆ: ಹೆಸರು ಗೊತ್ತಿರುವವರ ನಡುವೆ ಮರ್ಯಾದೆ ತಾನಾಗಿ ಇರುತ್ತದೆ.

ದಕ್ಷಿಣ ಕೊರಿಯಾ ಇದನ್ನು ನಂಬಿ ಕಾನೂನನ್ನೇ ಮಾಡಿತ್ತು. 2007ರಿಂದ ಅಲ್ಲಿನ ದೊಡ್ಡ ಜಾಲತಾಣಗಳಲ್ಲಿ ಗುರುತು ದೃಢಪಡಿಸದೆ ಬರೆಯುವಂತಿರಲಿಲ್ಲ. ಕೆಟ್ಟ ಬರಹಗಳು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. 2012ರ ಆಗಸ್ಟಿನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದುಮಾಡಿತು. ಜರ್ಮನಿಯ ಒಂದು ಮನವಿ ತಾಣದ ಐದು ಲಕ್ಷಕ್ಕೂ ಹೆಚ್ಚು ಪ್ರತಿಕ್ರಿಯೆಗಳನ್ನು ಪರಿಶೀಲಿಸಿ 2016ರಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, ನಿಜ ಹೆಸರಿನಲ್ಲಿ ಬರೆದವರೇ ಹೆಚ್ಚು ಆಕ್ರಮಣಕಾರಿಯಾಗಿದ್ದರು. ನ್ಯಾಯಕ್ಕಾಗಿ ಹೋರಾಡುತ್ತಿದ್ದೇನೆ ಎಂದು ನಂಬಿದವರಿಗೆ ಹೆಸರು ಮುಚ್ಚಿಡುವ ಅಗತ್ಯವೇನು? ಚುನಾವಣೆಯ ಹೊತ್ತಿನಲ್ಲಿ ಕುಟುಂಬದ ಗ್ರೂಪ್‌ಗಳಲ್ಲಿ ಭಾವ ಮೈದುನರು ಕಿತ್ತಾಡುವುದನ್ನು ಕಂಡವರಿಗೆ ಇದು ಹೊಸದೇನೂ ಅಲ್ಲ.

ನಂಬಿಕೆ: ಯಾರೋ ಏನೋ ಹಾಕಿದರೆ ಜೈಲಿಗೆ ಹೋಗುವುದು ಅಡ್ಮಿನ್.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ತಂಡವನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಸಾರಲಾಯಿತು. ಉದ್ರಿಕ್ತ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಬಂಧಿತರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದರು. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿಯನ್ನು ವಾಟ್ಸ್‌ಆ್ಯಪ್ ಭಾರತದಲ್ಲಿ ಘೋಷಿಸಿದ್ದು ಅದೇ ತಿಂಗಳು.

ಆದರೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಅಪರಾಧ ತಲೆಗೆ ಬರುವುದಿಲ್ಲ. ಮಹಿಳಾ ಸದಸ್ಯೆಯನ್ನು ಅವಾಚ್ಯವಾಗಿ ನಿಂದಿಸಿದವನನ್ನು ತೆಗೆದುಹಾಕಲಿಲ್ಲ ಎಂದು ಅಡ್ಮಿನ್ ಮೇಲೆ ಹೂಡಿದ್ದ ಪ್ರಕರಣವನ್ನು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ರದ್ದುಮಾಡಿತು. ಸಮಾನ ಉದ್ದೇಶ ಅಥವಾ ಮೊದಲೇ ಹೂಡಿದ ಸಂಚು ಇಲ್ಲದಿದ್ದರೆ ಬೇರೆಯವರ ಮಾತಿಗೆ ಅಡ್ಮಿನ್ ಹೊಣೆಯಲ್ಲ ಎಂದಿತು. 2022ರಲ್ಲಿ ಕೇರಳ ಹೈಕೋರ್ಟ್ ಕೂಡ ಇದನ್ನೇ ಹೇಳಿತು. ಅಡ್ಮಿನ್‌ಗೆ ಸೇರಿಸುವ, ತೆಗೆಯುವ ಅಧಿಕಾರ ಬಿಟ್ಟರೆ ಸಂದೇಶ ಬರುವ ಮೊದಲೇ ತಡೆಯುವ ಶಕ್ತಿ ಇಲ್ಲ ಎಂಬುದು ವಾದದ ತಿರುಳು. ಮುಂದೆ ಸದಸ್ಯರ ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಸೌಲಭ್ಯವೂ ಅಡ್ಮಿನ್ ಕೈಗೆ ಬಂತು. ಜೈಲಿನ ಭಯಕ್ಕೆ ಸದಾ "ಅಡ್ಮಿನ್ ಮಾತ್ರ" ಎಂದು ಬೀಗ ಹಾಕಿದ ಗ್ರೂಪು ಚರ್ಚೆಯ ಜಾಗವಾಗಿ ಉಳಿಯುವುದಿಲ್ಲ, ನೋಟಿಸ್ ಬೋರ್ಡ್ ಆಗುತ್ತದೆ. ಹಬ್ಬದ ದಿನ ಜಗಳ ತಾರಕಕ್ಕೇರಿದಾಗ ಒಂದೆರಡು ಗಂಟೆ ಮುಚ್ಚುವುದು ಬೇರೆ ಮಾತು, ಅದನ್ನು ಧೈರ್ಯವಾಗಿ ಮಾಡಬೇಕು.

"ನನಗೆ ವಾಕ್ ಸ್ವಾತಂತ್ರ್ಯ ಇದೆ, ತೆಗೆಯೋಕೆ ನೀವ್ಯಾರು?" ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಸಂವಿಧಾನದ 19(1)(ಎ) ವಿಧಿ ಕಾಪಾಡುವುದು ಮುಖ್ಯವಾಗಿ ಸರ್ಕಾರ ಬಾಯಿ ಮುಚ್ಚಿಸದಂತೆ. ನೆರೆಹೊರೆಯವರು ಸೇರಿ ಕಟ್ಟಿಕೊಂಡ ಗ್ರೂಪಿಗೆ ತನ್ನದೇ ಕಟ್ಟುಪಾಡು ಇರಬಹುದು.

ನಂಬಿಕೆ: ನಿಯಮ ಹಾಕಿದರೆ ಜನ ಮಾತಾಡುವುದನ್ನೇ ಬಿಡುತ್ತಾರೆ.

ಫಲಿತಾಂಶ ಇದಕ್ಕೆ ತದ್ವಿರುದ್ಧ. ನೇಥನ್ ಮಥಾಯಸ್ ಎಂಬ ಸಂಶೋಧಕರು ರೆಡ್ಡಿಟ್‌ನ ವಿಜ್ಞಾನ ಚರ್ಚಾ ಗುಂಪಿನಲ್ಲಿ, ಕೆಲವು ಚರ್ಚೆಗಳ ತಲೆಯ ಮೇಲೆ ನಿಯಮಗಳನ್ನು ಎದ್ದು ಕಾಣುವಂತೆ ಹಾಕಿಸಿ, ಉಳಿದವನ್ನು ಹಾಗೇ ಬಿಟ್ಟು ಹೋಲಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಿಯಮ ಕಂಡ ಕಡೆ ಹೊಸಬರು ಅದನ್ನು ಪಾಲಿಸುವ ಪ್ರಮಾಣ ಎಂಟಕ್ಕೂ ಹೆಚ್ಚು ಶೇಕಡಾಂಶದಷ್ಟು ಹೆಚ್ಚಿತು, ಮಾತಿಗಿಳಿದ ಹೊಸಬರ ಸಂಖ್ಯೆ ಸರಾಸರಿ ಶೇ. 70ರಷ್ಟು ಏರಿತು. ಇಲ್ಲಿ ಬೈಗುಳ ತಿನ್ನಬೇಕಾಗಿಲ್ಲ ಎಂಬ ಭರವಸೆ ಸಿಕ್ಕರೆ ಹಿಂಜರಿಯುತ್ತಿದ್ದವರು ಬಾಯಿ ಬಿಡುತ್ತಾರೆ ಎಂದೇ ನನಗನಿಸುವುದು. ನಮ್ಮ ಗ್ರೂಪ್‌ಗಳಲ್ಲಿ ಎಷ್ಟೋ ಹೆಂಗಸರು, ಬಾಡಿಗೆದಾರರು ಓದುತ್ತಾರೆಯೇ ಹೊರತು ಬರೆಯುವುದಿಲ್ಲ.

ನಿಯಮ ಉದ್ದವಿರಬೇಕಿಲ್ಲ. ವ್ಯಕ್ತಿಯನ್ನು ಬಿಟ್ಟು ವಿಷಯದ ಬಗ್ಗೆ ಬರೆಯಿರಿ. ಮೂಲ ಗೊತ್ತಿಲ್ಲದ ಫಾರ್ವರ್ಡ್ ಬೇಡ. ರಾತ್ರಿ ಹತ್ತರ ನಂತರ ತುರ್ತಿದ್ದರೆ ಮಾತ್ರ. ತಪ್ಪಿದವರಿಗೆ ಮೊದಲು ಖಾಸಗಿಯಾಗಿ ಹೇಳುತ್ತೇವೆ, ಮತ್ತೆ ತಪ್ಪಿದರೆ ತೆಗೆಯುತ್ತೇವೆ. ಇಷ್ಟನ್ನು ಸಭೆಯಲ್ಲಿ ಒಪ್ಪಿಸಿಕೊಂಡು ಗ್ರೂಪಿನ ವಿವರಣೆಯಲ್ಲಿ ಬರೆದು, ಮೇಲೆ ಪಿನ್ ಮಾಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಪಿನ್ 30 ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಆದ್ದರಿಂದ ಪ್ರತಿ ತಿಂಗಳು ಮೇಂಟೆನೆನ್ಸ್ ಬಿಲ್ ಹಾಕುವ ದಿನವೇ ಅದನ್ನೂ ಮತ್ತೆ ಪಿನ್ ಮಾಡುವುದು ಅನುಕೂಲ.