ಗಂಡಭೇರುಂಡದ ಕುತ್ತಿಗೆ ಏಕೆ ಬಿರಿಯುತ್ತದೆ?

ಪ್ರಶ್ನೆ: ಮನೆಯಲ್ಲಿ ಜೇಡಿಮಣ್ಣಿನಿಂದ ಪುಟ್ಟ ಗಂಡಭೇರುಂಡ ಮಾಡುತ್ತಿದ್ದೇನೆ. ಒಳಗೆ ತಂತಿ ಇಟ್ಟರೂ ಒಣಗುವಾಗ ಕುತ್ತಿಗೆ, ರೆಕ್ಕೆ ಬಿರುಕು ಬಿಡುತ್ತವೆ. ಏಕೆ? ಅಡುಗೆಮನೆಯ ಓವನ್ನಿನಲ್ಲಿ ಸುಡಬಹುದೇ?

ಉತ್ತರ: ತಂತಿ ಇಟ್ಟರೂ ಅಲ್ಲ, ತಂತಿ ಇಟ್ಟದ್ದರಿಂದಲೇ! ಜೇಡಿಮಣ್ಣಿನ ಕಣಗಳು ತೆಳು ಬಿಲ್ಲೆಗಳಂತಿದ್ದು, ನಡುವೆ ನೀರಿರುತ್ತದೆ. ನೀರು ಆರಿದಂತೆ ಬಿಲ್ಲೆಗಳು ಹತ್ತಿರ ಸರಿದು ಗೊಂಬೆ ಕುಗ್ಗುತ್ತದೆ. ತಂತಿ ಕುಗ್ಗುವುದಿಲ್ಲ, ಅದರ ಸುತ್ತಲಿನ ಮಣ್ಣು ಬಿರಿಯಲೇಬೇಕು. ರೆಕ್ಕೆಯದು ಬೇರೆ ಕಥೆ. ತೆಳುವಾದ ಅದು ಬೇಗ ಒಣಗಿ ಕುಗ್ಗುವಾಗ ದಪ್ಪ ಒಡಲು ಇನ್ನೂ ಹಸಿ. ಆ ಎಳೆದಾಟ ಬೆಸುಗೆಯ ಮೇಲೆ ಬೀಳುತ್ತದೆ.

ಒಡಲನ್ನು ಟೊಳ್ಳು ಮಾಡಿ. ಜೋಡಿಸುವ ಎರಡೂ ಮೈಗಳನ್ನು ಗೀರಿ, ಅದೇ ಮಣ್ಣಿನ ಗಂಜಿ ಹಚ್ಚಿ ಒತ್ತಿ. ರೆಕ್ಕೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ನೆರಳಿನಲ್ಲಿ ನಿಧಾನವಾಗಿ ಒಣಗಿಸಿ. ಫ್ಯಾನ್ ಬೇಡವೇ ಬೇಡ. ರೆಕ್ಕೆ ಮೈಗೆ ಅಂಟಿದಂತಿದ್ದರೆ ಇನ್ನೂ ಕ್ಷೇಮ. ಹೊಯ್ಸಳ ಗುಡಿಗಳ ಗೋಡೆಪಟ್ಟಿಯ ಮಕರಗಳನ್ನು ನೋಡಿ, ಎಷ್ಟೇ ವಿಚಿತ್ರವಾಗಿದ್ದರೂ ಗೋಡೆಗೆ ಅಂಟಿಕೊಂಡೇ ಇವೆ.

ಅಡುಗೆಮನೆಯ ಓವನ್ನಿನ ಗರಿಷ್ಠ ಶಾಖ ಸಾಮಾನ್ಯವಾಗಿ 250 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಜೇಡಿಮಣ್ಣು ಮತ್ತೆ ನೀರಿನಲ್ಲಿ ಕರಗದಂತಾಗಲು ಸುಮಾರು 600 ಡಿಗ್ರಿ ದಾಟಬೇಕು. ಅದು ಕುಂಬಾರರ ಆವಿಗೆಯ ಕೆಲಸ. ಓವನ್ನೇ ಬೇಕೆಂದರೆ ಪಾಲಿಮರ್ ಕ್ಲೇ ಕೊಳ್ಳಿ. ಹೆಸರಿಗೆ ಕ್ಲೇ, ವಾಸ್ತವದಲ್ಲಿ ಪಿವಿಸಿ ಪ್ಲಾಸ್ಟಿಕ್. ಸುಮಾರು 130 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ, ಹೆಚ್ಚು ಕುಗ್ಗದ ಕಾರಣ ತಂತಿಯನ್ನೂ ಸಹಿಸುತ್ತದೆ. ಪೊಟ್ಟಣದ ಮೇಲಿನ ಶಾಖ ಮೀರಬೇಡಿ, ಹೊಗೆ ಕೆಟ್ಟದ್ದು, ಕಿಟಕಿ ತೆರೆದಿರಲಿ.