ಸಂಗೀತಸೇವೆಗೆ ತಕ್ಕ ಸಿಂಥಸೈಜರ್

ಮಗಳಿಗೆ ಎಂತಹ ಕೀಬೋರ್ಡನ್ನು ಕೊಂಡುಕೊಡಬೇಕೆಂದು ಪೋಷಕರು ವಿಚಾರಿಸುವುದುಂಟು. ಸಭೆಯಲ್ಲಿ ಹಾಡುವವರಿಗೆ ಆಧಾರವಾಗಿ ನುಡಿಸತಕ್ಕ ವಾದ್ಯವನ್ನು ಅದರಲ್ಲಿರುವ ನಾದಗಳ ಸಂಖ್ಯೆಯಿಂದ ಅಳೆಯಲಾಗದು. ಬೇಕಾದ ನಾದವು ಬೇಕಾದ ಕ್ಷಣದಲ್ಲಿ ಕೈಗೆ ದೊರೆಯುವುದೇ ಮುಖ್ಯವು.

೧೯೭೦ರಲ್ಲಿ ಬಂದ ಮಿನಿಮೂಗ್ ಒಂದು ವೇಳೆಗೆ ಒಂದೇ ಸ್ವರವನ್ನು ನುಡಿಯುತ್ತಿತ್ತು. ನಾದವನ್ನು ಬದಲಿಸಬೇಕಾದರೆ ಗುಂಡಿಗಳನ್ನು ಒಂದೊಂದಾಗಿ ತಿರುಗಿಸಬೇಕಾಗಿತ್ತು. ೧೯೮೩ರ ಯಮಾಹಾ ಡಿಎಕ್ಸ್ ೭ ಎಂಬುದಾದರೋ ೧೬ ಸ್ವರಗಳನ್ನು ಒಟ್ಟಿಗೆ ನುಡಿದು, ೩೨ ನಾದಗಳನ್ನು ತನ್ನ ಸ್ಮರಣೆಯಲ್ಲಿರಿಸಿಕೊಳ್ಳುತ್ತಿತ್ತು. ವೇದಿಕೆಯ ಮೇಲೆ ಈ ಸ್ಮರಣೆಯೇ ದೊಡ್ಡ ನೆರವು.

ಗೀತೆಗಳಿಗೆ ಜೊತೆ ನುಡಿಸಲು ೬೧ ಕೀಗಳು ಸಾಮಾನ್ಯವಾಗಿ ಸಾಕು. ಪಿಯಾನೋ ಅಭ್ಯಾಸವುಳ್ಳವಳಿಗೆ ೮೮ ಕೀಗಳದು ಹಿತವೆನಿಸುವುದು. ಆದರೆ ಹೊತ್ತೊಯ್ಯುವ ಶ್ರಮವನ್ನೂ ಎಣಿಸಬೇಕು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಬಲವಾಗಿ ಒತ್ತಿದರೆ ಬಲವಾಗಿ ನುಡಿಯುವುದೋ ಎಂಬುದನ್ನು ಮಗಳ ಕೈಯಿಂದಲೇ ಪರೀಕ್ಷಿಸತಕ್ಕದ್ದು. ಅನೇಕ ಸಿಂಥಸೈಜರುಗಳೊಳಗೆ ಸ್ಪೀಕರ್ ಇರುವುದಿಲ್ಲವಾದಕಾರಣ ಅದರ ವೆಚ್ಚವನ್ನೂ ಸೇರಿಸಿಕೊಳ್ಳಬೇಕು.

ಕಾರ್ಯಕ್ರಮಕ್ಕೆ ಮುಂಚೆಯೇ ಹಾಡುಗಳ ಕ್ರಮದಂತೆ ನಾದಗಳನ್ನು ಜೋಡಿಸಿ ಸ್ಮರಣೆಯಲ್ಲಿ ಉಳಿಸಿಡುವುದು ಅವಶ್ಯ. ಉಳಿಸದ ಮಾರ್ಪಾಡುಗಳು ವಿದ್ಯುತ್ತು ನಿಂತೊಡನೆ ಅಳಿದುಹೋಗುವುವು. ಗಾಯಕಿಯರ ಶ್ರುತಿಗೆ ಹೊಂದಿಸಲು ಟ್ರಾನ್ಸ್‌ಪೋಸ್ ಗುಂಡಿಯನ್ನು ಬಳಸಿದವಳು, ಹಾಡು ಮುಗಿದ ಬಳಿಕ ಅದನ್ನು ಸೊನ್ನೆಗೆ ತರಲು ಮರೆಯಬಾರದು. ಪೆಡಲನ್ನು ತುಳಿದೇ ಇದ್ದರೆ ಸ್ವರಗಳು ಒಂದರೊಳಗೊಂದು ಬೆರೆತು ಪದಗಳನ್ನು ಮುಚ್ಚುವುವು.

ಹಿಂದಿನ ಸಾಲಿನಲ್ಲಿ ಕುಳಿತ ತಾಯಿಗೆ ಮಕ್ಕಳ ಹಾಡಿನ ಮಾತುಗಳು ಸ್ಪಷ್ಟವಾಗಿ ಕೇಳಿಸಿದರೆ ಮಾತ್ರವೇ ನುಡಿಸಿದವಳ ಸೇವೆ ಸಾರ್ಥಕ.